ಅಧ್ಯಕ್ಷರಿಗೆ ಬಿಡಲಾಗಿದೆ

ಹೋದ ವಾರ ನಮ್ಮ ಸಂಘದ ನಡಾವಳಿ ಪುಸ್ತಕ ನನ್ನ ಮನೆಗೆ ಬಂತು. ಈ ವರ್ಷ ನಾನು ಅಧ್ಯಕ್ಷ, ನಗಬೇಡಿ. ಪುಟ ತೆರೆದರೆ ಹಳೆಯ ಸಾಂಬಾರಿನ ವಾಸನೆ. ಕತಾರಿನಲ್ಲಿರುವ ಕರಾವಳಿಯವರ ಸಭೆ ಊಟವಿಲ್ಲದೆ ನಡೆದದ್ದುಂಟೇ?

ವಾಸನೆಯ ಹಿಂದೆಯೇ ಶೇಖರಣ್ಣ ನೆನಪಾದರು, ನಮ್ಮ ಮೊದಲ ಅಧ್ಯಕ್ಷರು. ಅವರನ್ನು ಆರಿಸಿದ್ದು ಗುಣ ನೋಡಿ ಅಲ್ಲ, ಪಾತ್ರೆಗಳೆಲ್ಲ ಹಿಡಿಸುವಂಥ ದೊಡ್ಡ ಗಾಡಿ ಅವರಲ್ಲಿ ಮಾತ್ರ ಇತ್ತು ಎಂದು. ಆಗ ಅಧ್ಯಕ್ಷರಿಗಿದ್ದ ಅಧಿಕಾರವೆಂದರೆ ದೀಪ ಹಚ್ಚುವುದು, ಕೊನೆಯಲ್ಲಿ ಕುರ್ಚಿ ಮಡಚುವುದು. ಆದರೆ ಶುಕ್ರವಾರ ಊಟವಾದ ಮೇಲಿನ ಸಭೆ ನೋಡಿ, ಕಣ್ಣೆಳೆಯುತ್ತದೆ, ಮಕ್ಕಳು ರಚ್ಚೆ ಹಿಡಿಯುತ್ತವೆ. ಯಾವ ವಿಷಯ ಬಂದರೂ "ನೀವೇ ನೋಡಿ ಅಣ್ಣ, ಖಲಾಸ್" ಎಂದು ಎದ್ದುಬಿಡುತ್ತಿದ್ದೆವು. ಕಾರ್ಯದರ್ಶಿಯಾಗಿದ್ದ ನಾನು ಅದನ್ನು ಗಂಭೀರ ಕನ್ನಡಕ್ಕೆ ತಿರುಗಿಸಿ "ಅಧ್ಯಕ್ಷರಿಗೆ ಬಿಡಲಾಗಿದೆ" ಎಂದು ಬರೆಯುತ್ತಿದ್ದೆ. ಸಭಾಂಗಣದ ಆಯ್ಕೆಯನ್ನು ಅವರಿಗೆ ಬಿಟ್ಟೆವು, ಅತಿಥಿಗಳ ಆಯ್ಕೆಯನ್ನು ಬಿಟ್ಟೆವು, ಚುನಾವಣೆ ಯಾವಾಗ ಎಂಬುದನ್ನೂ ಬಿಟ್ಟೆವು. ದೇಶದೇಶಗಳ ಅಧ್ಯಕ್ಷರ ಅಧಿಕಾರ ಹೇಗೆ ಇಷ್ಟು ಬೆಳೆಯಿತೆಂದು ಟೀವಿಯಲ್ಲಿ ಪಂಡಿತರು ತಲೆ ಕೆಡಿಸಿಕೊಳ್ಳುವಾಗ ನನಗೆ ನಗು ಬರುತ್ತದೆ. ಅಲ್ಲೂ ಸಭೆಗೆ ಮುಂಚೆ ಊಟವಾಗಿರಬೇಕು.

ಒಂದು ವರ್ಷ ವಾರ್ಷಿಕೋತ್ಸವದ ದಿನ ಶೇಖರಣ್ಣ ಹೊತ್ತಾಯಿತೆಂದು ಮಕ್ಕಳ ನಾಟಕವನ್ನೇ ಕೈಬಿಟ್ಟು ತಾವು ಮುಕ್ಕಾಲು ಗಂಟೆ ಮಾತಾಡಿದರು. ಎರಡು ತಿಂಗಳು ಕನ್ನಡದ ಮಾತುಗಳನ್ನು ಉರು ಹೊಡೆದಿದ್ದ ನನ್ನ ಮಗಳು ಬಣ್ಣ ಹಚ್ಚಿದ ಮುಖದಲ್ಲೇ ಕಾರಿನಲ್ಲಿ ಅತ್ತಳು. ಜಗಳಕ್ಕೆಂದೇ ಪುಸ್ತಕ ತೆರೆದೆ. ಕಾರ್ಯಕ್ರಮಗಳ ಆಯ್ಕೆ, ಅಧ್ಯಕ್ಷರಿಗೆ ಬಿಡಲಾಗಿದೆ. ಅಕ್ಷರ ನನ್ನದೇ. ಪುಸ್ತಕ ಮುಚ್ಚಿದೆ, ಬಾಯಿಯನ್ನೂ.

ಮೊನ್ನೆ ಶುಕ್ರವಾರ ಅಲ್ ವುಕೈರ್‌ನ ನಮ್ಮ ಮನೆಯಲ್ಲಿ ಸಭೆ. ಈ ಸಲದ ವಾರ್ಷಿಕೋತ್ಸವದಲ್ಲಿ ವೇದಿಕೆಯ ಹೊತ್ತನ್ನು ಹೇಗೆ ಹಂಚೋಣವೆಂದು ಕೇಳಿದೆ. ನೀವೇ ನೋಡಿ ಎಂದರು. ಸುಳ್ಳು ಹೇಳುವುದಿಲ್ಲ, ಕಿವಿಗೆ ಬಹಳ ಹಿತವಾಯಿತು. ನನ್ನ ಭಾಷಣಕ್ಕೆ ಅರ್ಧ ಗಂಟೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಯೂ ಆಗಿತ್ತು. ಆಗ ಮಗಳ ಅಂದಿನ ಮುಖ ಕಣ್ಣ ಮುಂದೆ ಬಂದು ನಾಚಿಕೆಯಾಯಿತು. ಎಲ್ಲರೂ ಕೈಯೆತ್ತಿ ತೀರ್ಮಾನಿಸುವ ತನಕ ಯಾರಿಗೂ ಊಟವಿಲ್ಲ ಎಂದೆ.

ಗೊಣಗುತ್ತ ಕೂತರು, ಆಮೇಲೆ ಚರ್ಚೆಗೆ ಬಿಸಿಯೇರಿತು. ಮಕ್ಕಳಿಗೆ ಮೊದಲ ಹೊತ್ತು, ಅಧ್ಯಕ್ಷರಿಗೆ ಐದೇ ನಿಮಿಷ ಎಂದಾಯಿತು. ಅದಕ್ಕೆ ಎಲ್ಲರಿಗಿಂತ ಮೊದಲು ಕೈಯೆತ್ತಿದವರು ಮೂಲೆಯಲ್ಲಿ ಕೂತಿದ್ದ ಶೇಖರಣ್ಣ. ಬಡಿಸುತ್ತ ಅವರ ಬಳಿ ಹೋದಾಗ ಮೆಲ್ಲಗೆ ಹೇಳಿದರು.

"ಅಷ್ಟು ವರ್ಷ ನನಗೆ ಒಬ್ಬರೂ ಬೇಡ ಅಂತ ಹೇಳ್ಲಿಲ್ಲ ಮಾರಾಯ್ರೆ. ಹೇಳಿದ್ರೆ ನಾನು ನಿಲ್ಲಿಸ್ತಿದ್ದೆ."

ಪಾಯಸದ ಸೌಟು ಕೈಯಲ್ಲಿತ್ತು. ಬೇಕಾ ಅಣ್ಣ ಎಂದು ಕೇಳಿದೆ. ಅವರು ಹೂಂ ಅನ್ನುವವರೆಗೂ ಕಾದು ಬಡಿಸಿದೆ.