ಅಕ್ಕಿಯ ಮೇಲೆ ಬರೆದ ಹೆಸರು

"ಇವರು ಮದುವೆಯಾದದ್ದು ಅಶ್ವಿನಿಯನ್ನು. ಸುಜಾತಾ, ನೀವು ಯಾರು?"

ಗಾಜಿನ ಆಚೆ ಕೂತಿದ್ದ ವೀಸಾ ಅಧಿಕಾರಿಯ ಪ್ರಶ್ನೆಯನ್ನು ದುಭಾಷಿ ಮರಾಠಿಯಲ್ಲಿ ಹೇಳಿದ. ನನ್ನ ಗಂಡ ಹೊರದೇಶದ ಆಸ್ಪತ್ರೆಯಲ್ಲಿ ನರ್ಸ್. ಅಲ್ಲೇ ಹೋಗಿ ಅವರೊಡನೆ ನೆಲೆಸಲೆಂದು ನಾನು ಮಹಾರಾಷ್ಟ್ರ ಗಡಿಯ ಕಾಗವಾಡದಿಂದ ಮುಂಬೈಗೆ ಬಂದು ಆ ಕಿಟಕಿಯ ಮುಂದೆ ನಿಂತಿದ್ದೆ. ಪಾಸ್‌ಪೋರ್ಟಿನಲ್ಲಿ ನಾನು ಸುಜಾತಾ. ಮದುವೆ ನೋಂದಣಿ ಪತ್ರದಲ್ಲೂ ಗಂಡ ತುಂಬಿದ ಅರ್ಜಿಯಲ್ಲೂ ಅಶ್ವಿನಿ.

ಎರಡೂ ನಾನೇ ಎಂದೆ. ನಮ್ಮ ಕಡೆ ಮದುವೆಯ ದಿನ ಅತ್ತೆಮನೆಯವರು ಸೊಸೆಗೆ ಹೊಸ ಹೆಸರಿಡುತ್ತಾರೆ, ತಾಟಿನಲ್ಲಿ ಅಕ್ಕಿ ಹರಡಿ ಗಂಡ ಉಂಗುರದಿಂದ ಆ ಹೆಸರನ್ನು ಬರೆಯುತ್ತಾನೆ ಎಂದು ತೊದಲಿದೆ. ಪುಣ್ಯಕ್ಕೆ ಜೊತೆಗೆ ತಂದಿದ್ದ ಮದುವೆಯ ಆಲ್ಬಮ್ಮಿನಲ್ಲಿ ಆ ತಾಟಿನ ಫೋಟೊ ಇತ್ತು. ಅಧಿಕಾರಿ ಅದನ್ನೇ ಬಹಳ ಹೊತ್ತು ನೋಡಿದ.

"ಬದಲಾಯಿಸುವ ಮೊದಲು ನಿಮ್ಮನ್ನು ಕೇಳಿದ್ದರೇ?"

ಮೊದಲ ಪ್ರಶ್ನೆಗಿಂತ ಇದು ದೊಡ್ಡ ಪೆಟ್ಟು. ಮದುವೆಯಾದ ನಾಲ್ಕು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

ಎರಡೂ ಹೆಸರು ಒಬ್ಬಳದೇ ಎಂದು ಪ್ರಮಾಣಪತ್ರ ಮಾಡಿಸಿ ಕೊಟ್ಟ ಮೇಲೆ ವೀಸಾ ಬಂತು, ಪಾಸ್‌ಪೋರ್ಟಿನ ಹೆಸರಿಗೆ. ಅದೇ ದಿನ ಅತ್ತೆ ಫೋನ್ ಮಾಡಿದರು.

"ಅಶ್ವಿನಿ, ವೀಸಾ ಸಿಕ್ತೇನವಾ?"

"ಆಕಿಗಿ ಸಿಗಲಿಲ್ರೀ ಅತ್ತಿ. ಸುಜಾತಾಗ ಸಿಕ್ಕೈತಿ."

ಅತ್ತೆ ಗಾಬರಿಯಿಂದ ಕೇಳಿದರು: "ಆಕಿ ಯಾರವಾ?"