ಮಗಳು ನನಗೆ ‘ನಾಳೆ ಬಾ’ ಎಂದ ದಿನ

ಮಾನ್ವಿ, ಚಿರಾಗ, ಹೋದ ಭಾನುವಾರ ನೀವಿಬ್ಬರೂ ನನ್ನ ಅಕ್ಕಪಕ್ಕ ಮಲಗಿಕೊಂಡು, “ಅಜ್ಜಿ, ನೀನು ದೆವ್ವ ನೋಡಿದೀಯಾ?” ಎಂದು ಕೇಳಿದಿರಿ. ನಾನು ಇಲ್ಲ ಎಂದೆ. ಹೇಳಿದ್ದು ಸುಳ್ಳಲ್ಲ, ನಾನು ದೆವ್ವ ನೋಡಿಲ್ಲ. ಆದರೆ ಒಂದು ದಿನ ಕಾಲು ಗಂಟೆ ಹೊತ್ತು ನಾನೇ ದೆವ್ವವಾಗಿದ್ದೆ. ಅದನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಮಾತಾಡಲು ನನಗೆ ಇವತ್ತಿಗೂ ಸಂಕೋಚ, ಅದು ನಿಮಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ದಂಡಿಗನಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳ ಬರಹ ಇದು. ತಪ್ಪಿದ್ದರೆ ನಿಮ್ಮ ಟೀಚರ್ ಹಾಗೆ ಕೆಂಪು ಗೆರೆ ಹಾಕಬೇಡಿ.

ಅದು ತೊಂಬತ್ತೇಳನೇ ಇಸವಿಯ ಬೇಸಿಗೆ. ನಾವಾಗ ಹೊಳೆನರಸೀಪುರದಲ್ಲಿ ಒಂದು ಸಣ್ಣ ಹೆಂಚಿನ ಮನೆಯಲ್ಲಿ ಬಾಡಿಗೆಗಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಬೀದಿಗೆ ಒಂದೇ ಬಾಗಿಲು. ನಿಮ್ಮ ತಾತ ಕಾಮಾಲೆ ಬಂದು ತೀರಿಕೊಂಡು ಹತ್ತು ತಿಂಗಳಾಗಿತ್ತು. ನಿಮ್ಮ ಅಮ್ಮನಿಗೆ ನಾಲ್ಕು ವರ್ಷ, ಅವಳನ್ನು ಪುಟ್ಟಿ ಎಂದು ಕರೆಯುತ್ತಿದ್ದೆ. ನಿಮ್ಮ ಮಂಜು ಮಾವನಿಗೆ ಒಂದೂವರೆ. ನಾನು ಮನೆಯಲ್ಲೇ ಕೂತು ಟೈಲರ್ ಅಂಗಡಿಯ ಬ್ಲೌಸುಗಳಿಗೆ ಹುಕ್ಸು, ಕಾಜಾ ಹಾಕಿಕೊಡುತ್ತಿದ್ದೆ.

ಕೆಲಸ ಎಂದರೆ ಮಕ್ಕಳು ಬಿಟ್ಟಷ್ಟು ಕೆಲಸ. ನಾನು ಒಂದು ಹುಕ್ಸು ಹಾಕುವಷ್ಟರಲ್ಲಿ ಮಂಜು ನಾಲ್ಕು ಹುಕ್ಸು ಬಾಯಿಗೆ ಹಾಕಿಕೊಂಡಿರುತ್ತಿದ್ದ. ಅವನ ಬಾಯಿಗೆ ಬೆರಳು ಹಾಕಿ ತೆಗೆಯುತ್ತಿದ್ದರೆ ಆ ಕಡೆ ಪುಟ್ಟಿ ಬ್ಲೌಸನ್ನು ಬೆಕ್ಕಿಗೆ ತೊಡಿಸುತ್ತಿದ್ದಳು. ಬಟ್ಟೆ ನೆನೆಸುವ ಟಬ್ಬು ಅವರಿಬ್ಬರಿಗೂ ಬಸ್ಸು. ಮಂಜುವನ್ನು ಅದರಲ್ಲಿ ಕೂರಿಸಿ, “ಅರಕಲಗೂಡು, ಅರಕಲಗೂಡು, ಯಾರ್ರೀ ಅರಕಲಗೂಡು, ಒಳಗಡೆ ಓಗಿ, ರೈಟ್” ಎಂದು ಅಡುಗೆಮನೆಯವರೆಗೆ ದರದರ ಎಳೆದುಕೊಂಡು ಹೋಗುತ್ತಿದ್ದಳು. ಒಂದು ದಿನ ರಾಗಿಹಿಟ್ಟಿನ ಡಬ್ಬಿಯೇ ಬಸ್‌ಸ್ಟ್ಯಾಂಡ್ ಆಗಿ, ಇಬ್ಬರೂ ತಲೆಯಿಂದ ಕಾಲಿನವರೆಗೆ ಹಿಟ್ಟು ಸುರಿದುಕೊಂಡು ಕೂತಿದ್ದರು. ಬೈಯಲು ಹೋದವಳು ನಗು ತಡೆಯಲಾರದೆ ಅಲ್ಲೇ ಕುಸಿದು ಕೂತೆ. ನಕ್ಕು ಮುಗಿದ ಮೇಲೆ, ಇದನ್ನು ಯಾರಿಗೆ ಹೇಳಲಿ ಎಂದು ಸುತ್ತ ನೋಡಿದೆ. ಯಾರೂ ಇರಲಿಲ್ಲ.

ಆ ಮನೆಯಲ್ಲಿ ಗದ್ದಲಕ್ಕೆ ಕೊರತೆ ಇರಲಿಲ್ಲ, ದೊಡ್ಡವರ ಮಾತಿಗೆ ಮಾತ್ರ ಬರ. ಸಂಜೆ ಕೂತು ಯೋಚಿಸಿದರೆ ಬೆಳಗ್ಗಿನಿಂದ ನಾನು ಆಡಿದ ಮಾತೆಲ್ಲ ‘ಬೇಡ’, ‘ಬಾಯಿಂದ ತೆಗಿ’, ‘ಅವನ ಕೂದಲು ಬಿಡು’ ಇಷ್ಟೇ. ಬೀದಿಯ ನಲ್ಲಿಗೂ ಎಲ್ಲರ ನೀರಾದ ಮೇಲೆ ಹೋಗುತ್ತಿದ್ದೆ. ಹೆಂಗಸರು ಎಲ್ಲಿಗಾದರೂ ಶುಭಕಾರ್ಯಕ್ಕೆ ಹೊರಟಾಗ ನಾನು ಎದುರಾಗಬಾರದು ಎಂದು ನನ್ನ ಮನಸ್ಸಿನಲ್ಲಿತ್ತು. ಯಾರೂ ಏನೂ ಅಂದಿರಲಿಲ್ಲ, ನಾನೇ ಹಿಂದೆ ಸರಿದಿದ್ದೆ. ಎದುರುಮನೆಯಲ್ಲಿ ಎಮ್ಮೆ ಕಟ್ಟಿಕೊಂಡಿದ್ದ ಸಾಕಮ್ಮನವರು ಮಾತ್ರ ಜಗುಲಿಯಿಂದಲೇ, “ಏನವ್ವಾ ಕಮಲ, ಉಂಡ್ರಾ?” ಎಂದು ಕೂಗುತ್ತಿದ್ದರು. ನಾನು ತಲೆಯಾಡಿಸಿ ಒಳಗೆ ಬಂದುಬಿಡುತ್ತಿದ್ದೆ.

ಆ ದಿನಗಳಲ್ಲಿ ಊರಿಗೆಲ್ಲ ಒಂದು ಸುದ್ದಿ ಹಬ್ಬಿತ್ತು. ಒಂದು ಹೆಣ್ಣು ದೆವ್ವ ಮನೆ ಮನೆಗೆ ಬಂದು, ನಮ್ಮವರದೇ ಧ್ವನಿಯಲ್ಲಿ ಕರೆದು ಬಾಗಿಲು ತಟ್ಟುತ್ತದೆ, ತೆಗೆದರೆ ಕೆಟ್ಟಿತು, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ಹಿಂದಕ್ಕೆ ಹೋಗುತ್ತದೆ ಎಂದು. ಮಾರನೇ ದಿನವೂ ಅದನ್ನೇ ಓದಿ ಮತ್ತೆ ಹೋಗುತ್ತದಂತೆ. ಬೀದಿಯ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದ ಅಕ್ಷರ. ನಮ್ಮ ಬಾಗಿಲಿಗೆ ಪಕ್ಕದ ಮನೆಯ ಪವಿತ್ರ ಬರೆದುಕೊಟ್ಟಳು, ಐದನೇ ಕ್ಲಾಸಿನ ಹುಡುಗಿ. ಬರೆಯುತ್ತಾ ಪುಟ್ಟಿಗೆ ಕತೆಯನ್ನೂ ಹೇಳಿದ್ದಳು. ನನಗೆ ಅದು ಗೊತ್ತಿರಲಿಲ್ಲ.

ಆ ದಿನ ನಲ್ಲಿಯಲ್ಲಿ ನನ್ನ ಸರದಿ ಬಂದಾಗ ಹನ್ನೊಂದು ಗಂಟೆ. ಮಂಜುವಿಗೆ ರಾಗಿಸರಿ ಬೇಯಿಸಲು ಸೀಮೆಎಣ್ಣೆ ಸ್ಟೌ ಹಚ್ಚಿದ್ದೆ. ಎರಡು ಕೊಡ ತಾನೇ, ಬಂದುಬಿಡುತ್ತೇನೆ ಎಂದು ಉರಿ ಸಣ್ಣ ಮಾಡಿ ಹೊರಟೆ. ಅದು ನಾನು ಮಾಡಿದ ತಪ್ಪು. “ಪುಟ್ಟಿ, ತಮ್ಮನ್ನ ಸ್ಟೌ ಹತ್ರ ಬಿಡಬೇಡ. ಯಾರು ಕರೆದ್ರೂ ಬಾಗ್ಲು ತೆಗೀಬೇಡ” ಎಂದು ಹೇಳಿಹೋದೆ.

ಕೊಡ ಹೊತ್ತುಕೊಂಡು ಬಂದರೆ ಒಳಗಿನಿಂದ ಕೆಳಗಿನ ಚಿಲಕ ಹಾಕಿದೆ.

“ಪುಟ್ಟಿ, ಬಾಗ್ಲು ತೆಗಿ.”

“ಯಾರು?”

“ಅಮ್ಮ ಕಣೇ.”

ಒಳಗಿನಿಂದ ಬಹಳ ಮರ್ಯಾದೆಯಿಂದ ಉತ್ತರ ಬಂತು. “ನಾಳೆ ಬಾ.”

ನನಗೆ ನಗು ಬಂತು. “ನಾನೇ ಕಣೇ ಬಂಗಾರಿ, ನನ್ನ ಧ್ವನಿ ಗೊತ್ತಾಗಲ್ವಾ?” ಎಂದೆ.

“ಗೊತ್ತಾಯ್ತದೆ. ದೆವ್ವ ಅಮ್ಮನ ಥರಾನೇ ಮಾತಾಡ್ತದಂತೆ. ಅಮ್ಮ ನೀರಿಗೆ ಓಗವ್ಳೆ. ನೀನು ನಾಳೆ ಬಾ.”

ಅಷ್ಟರಲ್ಲಿ ಬಾಗಿಲ ಸಂದಿಯಿಂದ ರಾಗಿಸರಿ ಸೀಯುವ ವಾಸನೆ ಬಂತು. ನಗು ನಿಂತುಹೋಯಿತು. ಒಳಗೆ ಉರಿಯುವ ಸ್ಟೌ, ಸಿಕ್ಕಿದ್ದಕ್ಕೆಲ್ಲ ಕೈ ಹಾಕುವ ಮಗು. ಬಾಗಿಲಿಗೆ ಬಾಯಿಟ್ಟು ಬೇಡಿಕೊಂಡೆ, ಹೆದರಿಸಿದೆ, ಬೆಲ್ಲ ಕೊಡುತ್ತೇನೆ ಎಂದೆ. ನಾನು ಬೇಡಿಕೊಂಡಷ್ಟೂ ಅವಳಿಗೆ ನಾನು ದೆವ್ವವೇ ಎಂಬುದು ಗಟ್ಟಿಯಾಗುತ್ತಿತ್ತು. ಆಗಲೂ ನನಗೆ ಕಿರುಚಿ ಯಾರನ್ನಾದರೂ ಕರೆಯಬೇಕು ಎನ್ನಿಸಲಿಲ್ಲ ನೋಡಿ. ಬೀದಿಯವರು ಏನೆಂದುಕೊಳ್ಳುತ್ತಾರೋ ಎಂದೇ ಯೋಚಿಸುತ್ತಿದ್ದೆ.

ಸಾಕಮ್ಮನವರೇ ನೋಡಿ ಬಂದರು. “ಇದ್ಯಾಕವ್ವಾ, ನಿನ್ ಮನೆ ಬಾಗ್ಲಲ್ಲಿ ನೀನೇ ನೆಂಟ್ರಂಗೆ ನಿಂತಿದೀಯ?”

ನಾನು ಹೇಳಿದೆ. ಅವರ ಮುಖ ಬದಲಾಯಿತು. “ಸ್ಟೌ ಉರೀತಾ ಅದೆ ಅಂತೀಯ, ಪಿಸುಪಿಸು ಅಂತೀಯಲ್ಲ, ಬಾಯ್ಬುಟ್ಟು ಕೂಗಾದಲ್ವಾ?” ಎನ್ನುತ್ತಲೇ ಬೀದಿಗೆಲ್ಲ ಕೇಳುವಂತೆ ಕೂಗು ಹಾಕಿದರು. ಐದಾರು ಜನ ಸೇರಿದರು. ಸಾಕಮ್ಮನವರ ಯಜಮಾನರು, “ತಡೀರಿ, ಏಣಿ ತಂದು ಹೆಂಚು ತೆಗ್ದು ಇಳೀತೀನಿ” ಎಂದರು.

“ನೀವು ಏಣಿ ತರೋ ಹೊತ್ಗೆ ನಾಳೆನೇ ಬಂದ್ಬುಡ್ತದೆ, ಓಗಿ ಬಿರ್ರನೆ” ಎಂದು ಅವರನ್ನು ಓಡಿಸಿ, ಸಾಕಮ್ಮನವರು ಬಾಗಿಲನ್ನು ಎರಡೂ ಕೈಯಲ್ಲಿ ಬಡಿದರು. “ಲೇ ಮಗಾ, ತೆಗ್ಯೇ, ನಿಮ್ಮವ್ವ ಇಲ್ಲೇ ಅವ್ಳೆ ಕಣೇ.”

ಒಳಗಿನಿಂದ ಅಳು ತಡೆದ ಧ್ವನಿ ಬಂತು. “ತೆಗೆಯಲ್ಲ. ಬಳೆ ಸದ್ದು ಬತ್ತೈತೆ. ನಮ್ಮಮ್ಮನ ಕೈಲಿ ಬಳೆ ಇಲ್ಲ. ನೀನು ದೆವ್ವ.”

ಸಾಕಮ್ಮನವರ ಕೈ ತುಂಬ ಹಸಿರು ಗಾಜಿನ ಬಳೆ. ಅವರು ಮೆಲ್ಲಗೆ ಕೈ ಕೆಳಗಿಳಿಸಿ ಸೆರಗಿನೊಳಗೆ ಇಟ್ಟುಕೊಂಡರು. ಎಲ್ಲರೂ ನನ್ನ ಕೈ ನೋಡಿದರು ಅನ್ನಿಸಿತು. ಹತ್ತು ತಿಂಗಳಿಂದ ನಾನು ಸೆರಗು ಎಳೆದುಕೊಂಡು ಮುಚ್ಚಿಡುತ್ತಿದ್ದ ಕೈ.

ಸಂಕೋಚಪಡಲು ಹೊತ್ತಿರಲಿಲ್ಲ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದೆ. “ಪುಟ್ಟಿ, ಈಗ ಕೇಳು. ಬಳೆ ಸದ್ದು ಬರ್ತದಾ ಹೇಳು” ಎಂದು ಗಟ್ಟಿಯಾಗಿ ಕೂಗಿ, ಬರಿಗೈಯಲ್ಲಿ ಬಾಗಿಲು ಬಡಿದೆ.

“ಇನ್ನೊಂದ್ ಸತಿ ಬಡಿ.”

ಎರಡೂ ಕೈಯಲ್ಲಿ ಅಂಗೈ ಉರಿಯುವವರೆಗೆ ಬಡಿದೆ. ಬರೀ ಮರದ ಸದ್ದು.

ಚಿಲಕ ಕಿರುಗುಟ್ಟಿತು. ಬಾಗಿಲು ಒಂದು ಗೇಣು ತೆರೆಯಿತು. ಪುಟ್ಟಿ ಮೊದಲು ನನ್ನ ಕೈ ನೋಡಿ, ಆಮೇಲೆ ಮುಖ ನೋಡಿದಳು.

ಕೋಣೆಯೆಲ್ಲ ಹೊಗೆ. ನಾನು ಓಡಿಹೋಗಿ ಸ್ಟೌ ಆರಿಸಿದೆ. ಪಾತ್ರೆಯ ತಳ ಕೆಂಪಗಾಗಿತ್ತು. ಮಂಜು ಎಲ್ಲಿ ಎಂದು ನೋಡಿದರೆ, ಕೋಣೆಯ ಮೂಲೆಯಲ್ಲಿ ಟಬ್ಬಿನೊಳಗೆ ಕೂತಿದ್ದಾನೆ. ಸುತ್ತ ದಿಂಬು ಒತ್ತಿದ್ದಾಳೆ, ಎದ್ದು ಬರದ ಹಾಗೆ ಮೇಲೆ ನನ್ನ ಹಳೇ ಸೀರೆ ಸುತ್ತಿದ್ದಾಳೆ. “ಸ್ಟೌ ಹತ್ರ ಬಿಡಬೇಡ ಅಂದಿದ್ಯಲ್ಲ” ಎಂದಳು. ಅವನು ನಮ್ಮನ್ನೆಲ್ಲ ನೋಡಿ, “ಐಟ್, ಐಟ್” ಎಂದು ನಗುತ್ತಿದ್ದ.

ನಾನು ಅಲ್ಲೇ ಕೂತು ಅತ್ತೆ. ನಿಮ್ಮ ತಾತ ಹೋದ ಮೇಲೆ ಬೇರೆಯವರ ಎದುರು ಅತ್ತಿದ್ದು ಅದೇ ಮೊದಲು. ಪುಟ್ಟಿ ಸಾಕಮ್ಮನವರನ್ನು ಓರೆಗಣ್ಣಲ್ಲಿ ನೋಡಿ, “ದೆವ್ವ ಓಯ್ತಾ?” ಎಂದಳು.

“ಓಯ್ತು ಕಣವ್ವ. ನಿನ್ ಬಾಯಿಗೆ ಎದ್ರಿ ಅರಕಲಗೂಡು ಬಸ್ ಅತ್ಬುಡ್ತು” ಎಂದರು ಸಾಕಮ್ಮ. ಹೇಳುತ್ತಾ ಅವರೂ ಕಣ್ಣು ಒರೆಸಿಕೊಂಡರು. ಆಮೇಲೆ ಮನೆಗೆ ಹೋಗಿ ಹಾಲು ತಂದು ಮಕ್ಕಳಿಗೆ ಕುಡಿಸಿ, ನನಗೆ ಕಾಫಿ ಕಾಯಿಸಿಕೊಟ್ಟರು. ಬಳೆಯ ಮಾತು ಇಬ್ಬರೂ ಎತ್ತಲಿಲ್ಲ. ಆದರೆ ಅಂದಿನಿಂದ ನಾವು ಆ ಮನೆ ಬಿಟ್ಟು ಹಾಸನಕ್ಕೆ ಬರುವವರೆಗೂ, ಅವರು ನಮ್ಮ ಬಾಗಿಲು ತಟ್ಟುವ ಮೊದಲು ಒಂದು ಕೈಯ ಬಳೆಗಳನ್ನು ಮೊಣಕೈವರೆಗೆ ಸರಿಸಿ ಹಿಡಿದುಕೊಂಡು, ಅದೇ ಕೈಯ ಒಂದೇ ಬೆರಳಲ್ಲಿ ಬಳೆ ಸದ್ದಾಗದಂತೆ ತಟ್ಟುತ್ತಿದ್ದರು. ಮಗು ಹೆದರದಿರಲಿ ಎಂದೋ, ನನಗೆ ನೋಯದಿರಲಿ ಎಂದೋ, ನಾನು ಕೇಳಲಿಲ್ಲ.

ಅವತ್ತಿನಿಂದ ಒಂಟಿತನ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಕ್ಕಳು ಮಧ್ಯಾಹ್ನ ಮಲಗಿದ ಮೇಲೆ ಆ ಮನೆ ಮೊದಲಿನ ಹಾಗೇ ಇರುತ್ತಿತ್ತು. ಆದರೆ ನಲ್ಲಿಗೆ ಎಲ್ಲರ ಜೊತೆಗೇ ಹೋಗತೊಡಗಿದೆ. ಕೈ ಮುಚ್ಚಿಕೊಳ್ಳುವುದನ್ನೂ ಬಿಟ್ಟೆ. ಊರೆಲ್ಲ ಅಯ್ಯೋ ಪಾಪ ಎಂದು ನೋಡುವ ಕೈಯನ್ನೇ ನನ್ನ ಮಗು ಅಮ್ಮನ ಗುರುತು ಎಂದು ಇಟ್ಟುಕೊಂಡಿತ್ತು. ಆ ಮಾತು ನೆನೆದಾಗ ಇವತ್ತಿಗೂ ಸಂಕಟವಾಗುತ್ತದೆ, ಅದರ ಹಿಂದೆಯೇ ಏನೋ ಒಂದು ಧೈರ್ಯವೂ ಬರುತ್ತದೆ.

ನಿಮ್ಮ ಅಮ್ಮನಿಗೆ ಇದು ಒಂದಿಷ್ಟೂ ನೆನಪಿಲ್ಲ, ನಾನು ಹೇಳಿಯೂ ಇಲ್ಲ. ಅಂಥ ಮಾತು ಆಡಿದೆನಲ್ಲ ಎಂದು ಅವಳು ನೊಂದುಕೊಳ್ಳುವುದು ನನಗೆ ಬೇಡ. ನಾನು ಇಲ್ಲದ ಕಾಲಕ್ಕೆ, ಅವಳು ನನ್ನನ್ನು ನೆನೆಸಿಕೊಂಡು ಸುಮ್ಮನೆ ಕೂತ ಯಾವತ್ತಾದರೂ ಓದಿ ಹೇಳಿ. ಅಲ್ಲಿಯವರೆಗೆ ಹಳೇ ನೋಟ್‌ಬುಕ್ಕುಗಳ ಜೊತೆ ಸೇರಿಸಿ ರದ್ದಿಗೆ ಹಾಕದೆ, ಈ ಹಾಳೆಗಳನ್ನು ನೀವಿಬ್ಬರೂ ಜೋಪಾನವಾಗಿ ಇಟ್ಟುಕೊಂಡಿರಿ ಮಕ್ಕಳೇ.