ಕ್ಯಾಮ್ ಚೈನಿನ ಕೆಮ್ಮು

ಹಿಂದಿನ ಕಾಲದ ಗಂಡಸರು ತಮ್ಮ ಮನೆಗೆ ತಾವೇ ಬರುವಾಗಲೂ ಹೊಸ್ತಿಲಾಚೆ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಅದು ಕಫದ ಕೆಮ್ಮಲ್ಲ, ಕ್ರಮದ ಕೆಮ್ಮು. ಒಲೆಯ ಮೇಲೆ ಚಹಾದ ನೀರು ಏರಲು, ಒಳಗೆ ಯಜಮಾನರ ಕುರಿತೇ ನಡೆದಿದ್ದ ಮಾತು ಮಳೆ-ಬೆಳೆಯ ಕಡೆಗೆ ಹೊರಳಲು ಬೇಕಾದಷ್ಟು ವ್ಯವಧಾನವನ್ನು ಆ ಒಂದು ಕೆಮ್ಮು ಒದಗಿಸುತ್ತಿತ್ತು. ನಮ್ಮಜ್ಜನ ಕೆಮ್ಮಿಗೆ ಹಿತ್ತಿಲಿನ ಎಮ್ಮೆಯೂ ಎದ್ದು ನಿಲ್ಲುತ್ತಿತ್ತಂತೆ. ಹೊಸ ಕಾಲದವನೆಂಬ ಹಮ್ಮಿನಲ್ಲಿ ನಾನು ಈ ಶಿಷ್ಟಾಚಾರವನ್ನು ಎಂದೂ ಪಾಲಿಸಲಿಲ್ಲ. ಪಾಲಿಸುವ ಅಗತ್ಯವೂ ಬಿದ್ದಿರಲಿಲ್ಲವೆನ್ನಿ. ನನ್ನ ಪರವಾಗಿ ನನ್ನ ಮೋಟರ್ ಸೈಕಲ್ ಕೆಮ್ಮುತ್ತಿತ್ತು.

ನನ್ನ ಮನೆ ದಾವಣಗೆರೆಯಲ್ಲಿ, ಕನ್ನಡ ಪಾಠ ಹೇಳುವ ಕಾಲೇಜು ಹರಿಹರದಲ್ಲಿ. ಎರಡರ ನಡುವೆ ನನ್ನನ್ನು ನಿತ್ಯ ಹೊತ್ತು ತಿರುಗುವ ಈ ನೂರು ಸಿಸಿಯ ಗಾಡಿಯನ್ನು ಕೆಲಸಕ್ಕೆ ಸೇರಿದ ವರ್ಷವೇ ಕೊಂಡಿದ್ದೆ. ಈಗ ನಾನು ನಿವೃತ್ತಿಯ ಅಂಚಿನಲ್ಲಿದ್ದೇನೆ. ಗಾಡಿಗೆ ಇನ್ನೂ ಆ ವಯಸ್ಸಾಗಿಲ್ಲವೆಂದು ನನ್ನ ವಾದ, ಅದು ಯಾವತ್ತೋ ದಾಟಿಹೋಗಿದೆಯೆಂದು ನನ್ನ ಹೆಂಡತಿ ಗಿರಿಜೆಯ ಪ್ರತಿವಾದ. ನಾನು ಅದನ್ನು ‘ವಿಂಟೇಜ್’ ಎನ್ನುತ್ತೇನೆ, ಅವಳು ‘ಗುಜರಿ’ ಎನ್ನುತ್ತಾಳೆ. ವಸ್ತು ಒಂದೇ, ದರ್ಶನ ಬೇರೆ.

ಈ ಮತಭೇದಕ್ಕೆ ಮೂಲ ಅದರ ಸದ್ದು. ಎಂಜಿನ್ನಿನ ಒಳಗಿನಿಂದ ಡಬ್ಬಿಯಲ್ಲಿ ಕಡಲೆಕಾಳು ಕುಲುಕಿದಂತೆ ಒಂದು ಕಟಕಟ ನಿರಂತರವಾಗಿ ಹೊಮ್ಮುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದ ಆಟೋದವರು ನಾನು ಕೇಳದಿದ್ದರೂ ರೋಗನಿದಾನ ಮಾಡಿಬಿಡುತ್ತಿದ್ದರು. ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯವನಂತೂ ಬಾಣಲೆಯಿಂದ ತಲೆಯೆತ್ತದೆಯೇ “ಮೇಷ್ಟ್ರು ಬಂದ್ರು” ಎಂದು ಪೊಟ್ಟಣ ಕಟ್ಟಲು ಶುರುಮಾಡುತ್ತಿದ್ದ. ಇಷ್ಟು ಖ್ಯಾತಿ ನನ್ನ ಪಾಠಪ್ರವಚನದಿಂದ ಬಂದದ್ದಲ್ಲವೆಂಬುದನ್ನು ವಿನಯದಿಂದ ಒಪ್ಪಿಕೊಳ್ಳುತ್ತೇನೆ.

ಕಡೆಗೊಂದು ಬೆಳಿಗ್ಗೆ ಗಿರಿಜೆ ತೀರ್ಪು ಕೊಟ್ಟಳು.

“ಈ ಸಲ ಆಯುಧಪೂಜಿಯೊಳಗ ಆ ಸಪ್ಳ ನಿಲ್ಬೇಕು ನೋಡ್ರಿ. ನಿಲ್ಲಲಿಲ್ಲ ಅಂದ್ರ ಅದಕ್ಕ ಪೂಜಿ ಇಲ್ಲ. ಗುಜರಿಗೆ ಹಾಕಿ ಸುಮ್ನ ಒಂದು ಕರೆಂಟ್ ಗಾಡಿ ತಗಳ್ರಿ.”

ಗಾಡಿ ಕೊಂಡಂದಿನಿಂದ ಪ್ರತಿವರ್ಷ ಅದನ್ನು ಪೂಜಿಸುವವಳು ಅವಳೇ. ಎಂಜಿನ್ನಿನ ಹಣೆಯೆಂದು ತಾನೇ ಗೊತ್ತುಮಾಡಿಕೊಂಡ ಜಾಗದಲ್ಲಿ ಮೂರು ಬೆರಳಿನ ವಿಭೂತಿ, ಅದರ ಮೇಲೆ ಕುಂಕುಮ, ಗಾಲಿಯಡಿ ನಿಂಬೆಹಣ್ಣು. ನಮ್ಮ ಮನೆಯಲ್ಲಿ ಪೂಜೆ ತಪ್ಪಿದ ವಸ್ತುವಿಗೆ ಆಯುಷ್ಯ ಮುಗಿಯಿತೆಂದೇ ಅರ್ಥ. ಹಳೆಯ ಹೊಲಿಗೆ ಯಂತ್ರ ಹೋದದ್ದೂ ಹಾಗೆಯೇ. ಈ ಗಾಡಿಯಿಲ್ಲದೆ ನಾನು ಹರಿಹರಕ್ಕೆ ಹೋಗುವುದನ್ನು ಊಹಿಸಿಕೊಂಡರೆ ಸಂಕಟವೇ ಆಗುತ್ತಿತ್ತು.

ಆದ್ದರಿಂದ ಸಂಶೋಧನೆಗಿಳಿದೆ. ಎಂಜಿನ್ನಿನ ಹೊಟ್ಟೆಯೊಳಗೆ ಕ್ಯಾಮ್ ಚೈನ್ ಎಂಬ ಸಣ್ಣ ಸರಪಳಿ ಇರುತ್ತದೆ; ವಾಲ್ವುಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವಂತೆ ನೋಡಿಕೊಳ್ಳುವುದು ಅದರ ಕಾಯಕ. ವಯಸ್ಸಾದಂತೆ ಅದು ಜೋತುಬಿದ್ದು ಪಕ್ಕದ ಗೋಡೆಗೆ ಬಡಿಯತೊಡಗುತ್ತದೆ. ಹಾಗಾಗದಂತೆ ಅದನ್ನು ಒತ್ತಿಹಿಡಿಯುವ ಟೆನ್ಷನರ್ ಎಂಬ ಅಂಗವೊಂದಿದೆ, ಅದನ್ನು ಹೊರಗಿನ ಒಂದು ಬೋಲ್ಟಿನಿಂದ ಹೊಂದಿಸಬೇಕು. ಇಷ್ಟು ವಿದ್ಯೆಯನ್ನು ಮೊಬೈಲಿನ ವಿಡಿಯೊದಲ್ಲಿ ಸಂಪಾದಿಸಿ, ಜೀವನವಿಡೀ ಸಂಧಿ-ಸಮಾಸಗಳನ್ನು ಬಿಡಿಸಿದವನಿಗೆ ನಟ್ಟು-ಬೋಲ್ಟು ಯಾವ ಲೆಕ್ಕವೆಂದು ಪಾನಾ ಹಿಡಿದು ಕೂತೆ. ವಿಡಿಯೊದಲ್ಲಿ ಕಂಡ ಬೋಲ್ಟು ನನ್ನ ಗಾಡಿಯಲ್ಲಿ ಕಾಣಲಿಲ್ಲ. ಸಿಕ್ಕಿದ್ದನ್ನೆಲ್ಲ ಬಿಗಿಮಾಡಿದರೆ ಅವುಗಳಲ್ಲೊಂದಾದರೂ ಅದಾಗಿದ್ದೀತೆಂಬ ತರ್ಕದಿಂದ ಎಲ್ಲವನ್ನೂ ಬಿಗಿದೆ. ಸದ್ದು ನಿಲ್ಲಲಿಲ್ಲ, ಬ್ರೇಕಿನ ಪೆಡಲು ಮಾತ್ರ ಅಲ್ಲಾಡದೆ ನಿಂತಿತು. ಅದನ್ನು ಮತ್ತೆ ಸಡಿಲಿಸಲು ಇನ್ನೊಂದು ತಾಸು ಹಿಡಿಯಿತು.

ಮುಂದಿನ ಭಾನುವಾರ ಹರಿಹರೇಶ್ವರನ ದರ್ಶನದ ನೆಪದಲ್ಲಿ ಗಿರಿಜೆಯನ್ನೂ ಕೂರಿಸಿಕೊಂಡು, ಗುತ್ತೂರಿನ ದಾರಿಯಲ್ಲಿ ಗ್ಯಾರೇಜಿಟ್ಟಿರುವ ನಜೀರನ ಬಳಿ ಹೋದೆ. ನಜೀರ ಮಹಾ ಮಾತುಗಾರ. ತಾನು ತಪ್ಪಬಹುದೆಂಬ ಗುಮಾನಿ ಅವನಿಗೆ ಎಂದೂ ಬಂದದ್ದಿಲ್ಲ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ, ಮೊದಲು ವಾಲ್ವೆಂದ, ಆಮೇಲೆ ಬೇರಿಂಗೆಂದ, ಮೂರನೆಯದಾಗಿ ಕ್ಯಾಮ್ ಚೈನೆಂದು ಹೇಳಿ, ಮೊದಲಿಂದಲೂ ತಾನು ಅದನ್ನೇ ಹೇಳುತ್ತಿದ್ದವನಂತೆ ತಲೆಯಾಡಿಸಿದ. ಆದರೆ ಬೋಲ್ಟು ಅವನಿಗೂ ಸಿಗಲಿಲ್ಲ.

“ಈ ಮಾಡೆಲ್ಲಿಗೆ ಕಂಪ್ನಿಯವ್ರು ಅದನ್ನ ಕೊಟ್ಟೇ ಇಲ್ಲ ಮೇಷ್ಟ್ರೇ,” ಎಂದು ಘೋಷಿಸಿಬಿಟ್ಟ.

ಸ್ಟೂಲಿನ ಮೇಲೆ ಕುಳಿತಿದ್ದ ಗಿರಿಜೆ ಬಗ್ಗಿ ನೋಡಿ, “ಅಲ್ಲೊಂದು ಉಬ್ಬೈತಲ್ಲ, ಅದೇನು?” ಎಂದಳು.

“ಅದು ಎಂಜಿನ್ ಜೊತಿಗೇ ಎರಕ ಹೊಯ್ದಿದ್ದು ಅಕ್ಕಾರೇ.”

“ಎರಕ ಅಲ್ಲಪ್ಪ,” ಗಿರಿಜೆಯ ದನಿ ಇಳಿಯಿತು. “ಅದು ನಂದು. ನಾನು ಇಬತ್ತಿ ಹಚ್ಚೋ ಜಾಗ ಅದು.”

ವರ್ಷ ವರ್ಷದ ವಿಭೂತಿ, ಕುಂಕುಮ, ಅರಿಶಿನಗಳು ಎಂಜಿನ್ನಿನ ಎಣ್ಣೆಯಲ್ಲಿ ಕಲಸಿ, ಬಿಸಿಗೆ ಬೆಂದು, ಪದರದ ಮೇಲೆ ಪದರವಾಗಿ ಕಲ್ಲಾಗಿದ್ದವು. ಅವಳು ಹಣೆಯೆಂದು ಗುರುತಿಸಿದ್ದ ಆ ಉಬ್ಬೇ ಟೆನ್ಷನರಿನ ಬೋಲ್ಟು! ಗಾಡಿ ತೊಳೆಯುವವರೆಲ್ಲ ದೇವರದ್ದೆಂದು ಅಲ್ಲಿಗೆ ಕೈಹಚ್ಚದೆ ಸುತ್ತಲೇ ಒರೆಸುತ್ತಿದ್ದರು. ಸುತ್ತಲೇ ಒರೆಸಿದವರಲ್ಲಿ ನಾನೂ ಒಬ್ಬ. ಹೀಗೆ ಒಂದು ಬೋಲ್ಟನ್ನು ಭಕ್ತಿಯಿಂದಲೇ ಸಮಾಧಿ ಮಾಡಿದ ಕೀರ್ತಿ ನಮ್ಮ ಸಂಸಾರಕ್ಕೆ ಸಲ್ಲುತ್ತದೆ.

ನಜೀರ ಸ್ಕ್ರೂಡ್ರೈವರಿನಿಂದ ಕೆರೆಯಲು ಹೋದ. ಗಿರಿಜೆ ತಡೆದಳು, ಇಬತ್ತಿಗೆ ಕಬ್ಬಿಣ ಹಚ್ಚಬ್ಯಾಡ ಎಂದು ತನ್ನ ಬಾಟಲಿಯ ನೀರು ಹಾಕಿ ತಾನೇ ತಿಕ್ಕಿದಳು. ಎಣ್ಣೆ ಕುಡಿದ ಆ ಗಟ್ಟಿ ಜಗ್ಗಲಿಲ್ಲ. ಪೆಟ್ರೋಲಿನ ಡಬ್ಬಿ ಹಿಡಿದು ನಿಂತಿದ್ದ ನಜೀರ, “ಗಾಡಿಗೆ ಇದೇ ತೀರ್ಥ, ಹಾಕ್ರಿ ಅಕ್ಕಾರೇ” ಎಂದಾಗ ಅವಳಿಗೂ ನಗು ಬಂತು. ಬಟ್ಟೆ ಅದ್ದಿ ತಿಕ್ಕಿದಂತೆ ಒಳಗಿನಿಂದ ಬೋಲ್ಟು ಹೊರಬಂತು. ಇಷ್ಟು ವರ್ಷ ಗಾಳಿ-ನೀರು ಸೋಕದೆ ಅದು ಹೊಚ್ಚಹೊಸದಾಗಿ ಹೊಳೆಯುತ್ತಿತ್ತು.

ಇನ್ನು ಅದನ್ನು ಬಲವಾಗಿ ತಿರುಗಿಸಿ ಬಿಗಿಯುತ್ತಾನೆಂದು ನಾನು ಕಾದೆ. ನಜೀರ ಬೋಲ್ಟನ್ನು ಹಿಡಿದಿದ್ದ ನಟ್ಟನ್ನು ಸಡಿಲಿಸಿ, ಬೋಲ್ಟನ್ನೂ ಸಡಿಲಿಸಿ, ಕೈ ತೆಗೆದುಬಿಟ್ಟ. ಒಳಗಿನ ಸ್ಪ್ರಿಂಗು ತನಗೆ ತಾನೇ ಮುಂದೆ ಬಂದು ಸರಪಳಿಯನ್ನು ಎಷ್ಟು ಬೇಕೋ ಅಷ್ಟೇ ಹಿಡಿಯುತ್ತದಂತೆ. ನಾವು ಆಮೇಲೆ ಅದು ಜಾರದಂತೆ ಬೋಲ್ಟು ಕೂರಿಸಿದರೆ ಮುಗಿಯಿತು. ಹಿಂದಿನ ವಾರ ಕಂಡದ್ದನ್ನೆಲ್ಲ ಬಿಗಿದಿದ್ದ ನನ್ನ ಅಂಗೈ ಇನ್ನೂ ನೋಯುತ್ತಿತ್ತು.

ಗಾಡಿ ಶುರುವಾಯಿತು. ಕಟಕಟ ಇಲ್ಲ. ಎಂಜಿನ್ನು ನಡೆಯುತ್ತಿದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡುವಂತಾಯಿತು. ಮರಳಿ ಬರುವಾಗ, ಮದುವೆಯಾದ ಮೇಲೆ ಮೊದಲ ಬಾರಿಗೆ ಹಿಂದಿನ ಸೀಟಿನ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಇಷ್ಟು ವರ್ಷ ಯಾವ ಮಾತಿಗೆಲ್ಲ ಹೂಂಗುಟ್ಟಿದ್ದೆನೋ ಎಂದು ಅರ್ಧದಾರಿಯ ಬಾತಿ ಊರು ದಾಟುವುದರೊಳಗೆ ದಿಗಿಲಾಯಿತು.

ಗಾಡಿ ಉಳಿಯಿತೆಂದು ನಾನು ಹಿಗ್ಗಿದ್ದು ಕೆಲವೇ ದಿನ. ಕಾಲೇಜಿನಲ್ಲಿ ಒಂದು ಬೆಳಿಗ್ಗೆ ಸದ್ದಿಲ್ಲದೆ ತರಗತಿಗೆ ಹೋದರೆ ವಿದ್ಯಾರ್ಥಿಯೊಬ್ಬ ಮೇಜಿನ ಬಳಿ ನಿಂತು ನನ್ನ ಅಣಕು ಮಾಡುತ್ತಿದ್ದ. ಬಾಯಿಂದ ಗಾಡಿಯ ಕಟಕಟವನ್ನೂ ಹೊರಡಿಸುತ್ತಿದ್ದ, ನಿಜಕ್ಕೂ ಚೆನ್ನಾಗಿತ್ತು. ನನ್ನನ್ನು ಕಂಡು ಅವನು ಬೆಚ್ಚಿದ್ದಕ್ಕಿಂತ, ಇಷ್ಟು ವರ್ಷ ಇದನ್ನೆಲ್ಲ ತಪ್ಪಿಸಿಕೊಂಡೆನಲ್ಲಾ ಎಂದು ನಾನೇ ಹೆಚ್ಚು ನೊಂದೆ.

ಅದೇ ಸಂಜೆ ಹರಿಹರದ ಹೊಳೆಯ ಸೇತುವೆಯಾಚೆ ಗೆಳೆಯರೊಬ್ಬರನ್ನು ಕಾಣಲು ಹೋದವನು ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡೆ, ತಡವಾಯಿತು. ಮೊಬೈಲಿನ ಬ್ಯಾಟರಿಯೂ ಸತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ನಮ್ಮ ಬೀದಿಗೆ ಹಿಂದಿನ ಕ್ರಾಸಿನಿಂದ ಬಂದೆ. ಗಿರಿಜೆ ಗೇಟಿನ ಹೊರಗೆ, ನನ್ನ ಮಾಮೂಲಿ ತಿರುವಿನ ಕಡೆಗೆ ಮುಖಮಾಡಿ ನಿಂತಿದ್ದಳು. ಅವಳ ಬೆನ್ನ ಹಿಂದೆಯೇ ಹೋಗಿ ಗಾಡಿ ನಿಲ್ಲಿಸಿದೆ. ಅವಳಿಗೆ ತಿಳಿಯಲಿಲ್ಲ. ಹೆಸರು ಹಿಡಿದು ಕರೆದಾಗ ಬೆಚ್ಚಿಬಿದ್ದು ತಿರುಗಿದಳು, ಕಣ್ಣು ತುಂಬಿದ್ದವು.

“ಯಾವಾಗ ಬಂದ್ರಿ? ಹಿಂಗ ಬರೋದಾ ಮನುಷ್ಯರು? ಹೈವೇದಾಗ ಹೋಗೋ ಲಾರಿ, ಬಸ್ಸು ಎಲ್ಲದರ ಸಪ್ಳಾನೂ ಕೇಳ್ತೈತೆ, ನಿಮ್ದೊಂದು ಬಿಟ್ಟು. ಆ ತಿರುವಿನ್ಯಾಗ ಕಟಕಟ ಅಂದ್ರ ಸಾಕು, ಬಂದ್ರಪ ಅಂತ ದೋಸಿ ಹಂಚು ಇಡ್ತಿದ್ದೆ.”

ಬೈದದ್ದೂ ಅವಳೇ, ಇಷ್ಟು ವರ್ಷ ಆ ಸದ್ದಿಗೆ ಕಿವಿಗೊಟ್ಟು ಕಾದದ್ದೂ ಅವಳೇ. ಗಾಡಿಯನ್ನು ಒಳಗೆ ತಳ್ಳಿ ಅವಳ ಹಿಂದೆಯೇ ಅಡಿಗೆಮನೆಗೆ ಹೋದೆ. ಸ್ವಲ್ಪ ಹೊತ್ತಿನ ಮೇಲೆ ದೋಸೆ ಹಾಕುತ್ತ ಅವಳೇ ಅಂದಳು:

“ಆ ನಜೀರಪ್ಪಗ ಹೇಳಿ ಆ ಸಪ್ಳಾನ ಒಂಚೂರು ವಾಪಸ್ ಹಾಕಿಸ್ಕಂಡು ಬರ್ರಿ.”

ಮರುದಿನ ಸಂಕೋಚದಿಂದಲೇ ಕೇಳಿದೆ. ನಜೀರ ಗ್ಯಾರೇಜು ಅದುರುವಂತೆ ನಕ್ಕು, “ಸಪ್ಳ ತೆಗ್ಯಾಕ ಬರ್ತೈತೆ ಮೇಷ್ಟ್ರೇ, ಹಾಕಾಕ ಬರಂಗಿಲ್ಲ. ತಾನೇ ಬರೋತನಕ ಕಾಯ್ರಿ,” ಎಂದ. ತಿರುವಿನಲ್ಲಿ ಹಾರ್ನ್ ಬಾರಿಸುತ್ತೇನೆಂದರೆ ಗಿರಿಜೆ ಒಪ್ಪಲಿಲ್ಲ. ಹಾರ್ನು ಯಾರು ಬೇಕಾದರೂ ಹೊಡೆಯುತ್ತಾರಂತೆ.

ಆಯುಧಪೂಜೆಯ ದಿನ ಗಾಡಿ ತೊಳೆದು ನಿಲ್ಲಿಸಿದ್ದೆ. ಅವಳು ವಿಭೂತಿಯಲ್ಲಿ ಬೆರಳೊತ್ತಿ ನೇರವಾಗಿ ಆ ಬೋಲ್ಟಿನ ಮೇಲೆಯೇ ಎಳೆದಳು. ಪಕ್ಕಕ್ಕೆ ಹಚ್ಚು, ಮತ್ತೆ ಮುಚ್ಚಿಹೋಗುತ್ತದೆ ಎಂದೆ. “ಮುಚ್ಚಲಿ ಬಿಡ್ರಿ,” ಎಂದು ಇನ್ನೊಮ್ಮೆ, ಮೊದಲಿಗಿಂತ ದಪ್ಪಗೆ ಎಳೆದಳು.

ಅದು ಮುಚ್ಚಿ, ಸರಪಳಿ ಜೋತು, ಕಟಕಟ ಮರಳುವ ತನಕ ಏನಾದರೂ ಮಾಡಬೇಕಲ್ಲ. ಈಗ ಸಂಜೆ ಗೇಟಿನ ಬಳಿ ಗಾಡಿ ನಿಲ್ಲಿಸಿ, ಹೊಸ್ತಿಲಾಚೆ ನಿಂತು, ಅತ್ತಿತ್ತ ನೋಡಿ ಒಮ್ಮೆ ಕೆಮ್ಮುತ್ತೇನೆ. ಒಳಗೆ ಹಂಚು ಒಲೆಯ ಮೇಲೆ ಕೂರುವ ಸದ್ದಾಗುತ್ತದೆ, ಅದರ ಹಿಂದೆಯೇ ಗಿರಿಜೆಯ ದನಿ:

“ಇನ್ನೊಂಚೂರು ಜೋರಾಗಿ ಕೆಮ್ರಿ. ಗಾಡಿದಷ್ಟು ಚಂದಾಗಿಲ್ಲ.”